ಮನೆಯಲ್ಲಿ ದೊಡ್ಡ ಸಿಹಿನೀರಿನ ಅಕ್ವೇರಿಯಂ: ಸ್ಥಾಪನೆ ಮತ್ತು ಮೀನು ಬಿಡುವ ಕ್ರಮ

ಅಲಂಕಾರಿಕ ಮೀನುಗಳ ಸಾಕಣೆ ಗ್ರಾಮೀಣ ಮನೆಗಳಲ್ಲೂ ಹೆಚ್ಚುತ್ತಿದೆ. ಆದರೆ ತೊಟ್ಟಿ ತಂದ ದಿನವೇ ನೀರು ತುಂಬಿ ಮೀನು ಬಿಟ್ಟು, ಒಂದೆರಡು ವಾರಗಳಲ್ಲಿ ಅವುಗಳನ್ನು ಕಳೆದುಕೊಳ್ಳುವುದು ಸಾಮಾನ್ಯ. ಈ ಸಾವಿಗೆ ಮುಖ್ಯ ಕಾರಣ ರೋಗವಲ್ಲ, ಅಮೋನಿಯ. ಅದನ್ನು ತಡೆಯುವ ಕ್ರಮವನ್ನು 4 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ತೊಟ್ಟಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ತೊಟ್ಟಿ ಮತ್ತು ಸ್ಥಳದ ಆಯ್ಕೆ

ಈ ತೊಟ್ಟಿಯ ಒಟ್ಟು ಗಾತ್ರ ಸುಮಾರು 255 ಲೀಟರ್. ತಳದ ಜಲ್ಲಿ ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ನಿಲ್ಲುವ ನೀರು ಸುಮಾರು 200 ಲೀಟರ್. ನೀರು, ಜಲ್ಲಿ ಹಾಗೂ ಗಾಜು ಸೇರಿ ತೂಕ 300 ಕೆ.ಜಿ.ಗೆ ಸಮೀಪಿಸುತ್ತದೆ. ಆದ್ದರಿಂದ ಗಟ್ಟಿ ನೆಲದ ಮೇಲೆ, ಗೋಡೆಗೆ ಹೊಂದಿಕೊಂಡಂತೆ ಭದ್ರವಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಬೇಕು. ಗಾಜು 10 ಮಿ.ಮೀ. ದಪ್ಪವಿರುವುದು ಕ್ಷೇಮ. ಸ್ಟ್ಯಾಂಡ್ ಸಮತಟ್ಟಾಗಿದೆಯೇ ಎಂದು ಮಟ್ಟಗೋಲಿನಿಂದ ನೋಡಿ, ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಹಾಸಬೇಕು. ನೇರ ಬಿಸಿಲು ಬೀಳುವ ಜಾಗದಲ್ಲಿ ಪಾಚಿ ಬೇಗ ಬೆಳೆಯುತ್ತದೆ. ಅಂಥ ಜಾಗ ಬೇಡ.

ತಳಕ್ಕೆ 2 ರಿಂದ 5 ಮಿ.ಮೀ. ಗಾತ್ರದ ತೊಳೆದ ಜಲ್ಲಿಯನ್ನು 2 ಅಂಗುಲ ಹರಡಬೇಕು. ಸುಮಾರು 45 ಕೆ.ಜಿ. ಬೇಕಾಗುತ್ತದೆ. ಜಲ್ಲಿಯ ಮೇಲೆ ವಿನೆಗರ್ ಹಾಕಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ. ಅದು ನೀರನ್ನು ಇನ್ನಷ್ಟು ಗಡಸಾಗಿಸುತ್ತದೆ. ಗಂಟೆಗೆ ಸುಮಾರು 1000 ಲೀಟರ್ ನೀರನ್ನು ಹಾಯಿಸುವ, ಸ್ಪಂಜು ಇರುವ ಫಿಲ್ಟರ್ ಸೂಕ್ತ. ವಿದ್ಯುತ್ ಕಡಿತ ಇರುವ ಊರುಗಳಲ್ಲಿ ಬ್ಯಾಟರಿ ಚಾಲಿತ ಗಾಳಿ ಪಂಪು ಕಡ್ಡಾಯವಾಗಿ ಇರಲಿ.

ನೀರಿನ ಗುಣ

ನಲ್ಲಿ ನೀರಿನ ಕ್ಲೋರಿನ್ ಕಿವಿರುಗಳಿಗೆ ಹಾನಿಕರ. 24 ಗಂಟೆ ಗಾಳಿಯಾಡಿಸಿದರೆ ಸಾಮಾನ್ಯವಾಗಿ ಕ್ಲೋರಿನ್ ಹೊರಹೋಗುತ್ತದೆ. ಕ್ಲೋರಮಿನ್ ಇದ್ದರೆ ಹೋಗುವುದಿಲ್ಲ, ಅದಕ್ಕೆ ಅಂಗಡಿಯಲ್ಲಿ ಸಿಗುವ ನೀರು ಶುದ್ಧೀಕಾರಕವನ್ನು ಬಳಸಬೇಕು. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಅದನ್ನೂ ಒಂದು ದಿನ ಗಾಳಿಯಾಡಿಸಿ ಬಳಸಬೇಕು. ಕೀಟನಾಶಕ ತುಂಬಿದ್ದ ಡ್ರಮ್ಮು, ಬಿಂದಿಗೆಗಳನ್ನು ಎಷ್ಟೇ ತೊಳೆದಿದ್ದರೂ ಈ ಕೆಲಸಕ್ಕೆ ಬಳಸಕೂಡದು.

ಮೀನಿಗೆ ಮೊದಲು ಸೂಕ್ಷ್ಮಜೀವಿಗಳು

ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯವಾಗಿ, ನಂತರ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ಮಾರ್ಪಡುವುದನ್ನು ನೀವು ಬಲ್ಲಿರಿ. ತೊಟ್ಟಿಯಲ್ಲೂ ನಡೆಯುವುದು ಇದೇ ಕ್ರಿಯೆ. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ; ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಉಂಟಾಗುತ್ತದೆ. ಮಣ್ಣಿನಲ್ಲಿ ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಮೊದಲೇ ನೆಲೆಸಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸ್ಪಂಜು ಮತ್ತು ಜಲ್ಲಿಯ ಮೇಲೆ ನೆಲೆಗೊಳ್ಳಲು 4 ರಿಂದ 6 ವಾರ ಬೇಕು. ಅಲ್ಲಿಯವರೆಗೆ ಅಮೋನಿಯ ಮತ್ತು ನೈಟ್ರೈಟ್ ಎರಡೂ ಶೇಖರವಾಗುತ್ತವೆ. ಎರಡೂ ಮೀನಿಗೆ ವಿಷ.

ರಸಸಾರ ಏರಿದಂತೆ ಅಮೋನಿಯದ ವಿಷ ತೀವ್ರವಾಗುತ್ತದೆ. 25 ಡಿಗ್ರಿ ಸೆ. ಉಷ್ಣತೆಯಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ರಸಸಾರ 8 ಆದರೆ ಅದು ಸುಮಾರು ಶೇ. 5. ಆದಕಾರಣ ಬಯಲುಸೀಮೆಯ ಕ್ಷಾರಯುಕ್ತ ಕೊಳವೆಬಾವಿ ನೀರು ಬಳಸುವವರು ಹೆಚ್ಚು ಎಚ್ಚರ ವಹಿಸಬೇಕು.

ಅನುಸರಿಸಬೇಕಾದ ಕ್ರಮ:

1. ನೀರು ತುಂಬಿ ಫಿಲ್ಟರ್ ಅನ್ನು ಹಗಲಿರುಳು ನಡೆಸಿ. ಮೀನು ಬಿಡದೆ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ.
2. ಆರೋಗ್ಯವಂತ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಫಿಲ್ಟರಿನಲ್ಲಿಡಿ. ಇದು ಮೊಸರಿಗೆ ಹೆಪ್ಪು ಹಾಕಿದಂತೆ, ಅವಧಿ ಕಡಿಮೆಯಾಗುತ್ತದೆ.
3. ಪರೀಕ್ಷಾ ಕಿಟ್‌ನಿಂದ ವಾರಕ್ಕೆ ಎರಡು ಬಾರಿ ಪರೀಕ್ಷಿಸಿ. ಅಮೋನಿಯ, ನೈಟ್ರೈಟ್ ಎರಡೂ ಏರಿ, ಮತ್ತೆ ಶೂನ್ಯಕ್ಕೆ ಇಳಿದು, ನೈಟ್ರೇಟ್ ಕಂಡುಬಂದರೆ ತೊಟ್ಟಿ ಸಿದ್ಧ.

ಮೀನುಗಳ ಆಯ್ಕೆ ಮತ್ತು ಸಂಖ್ಯೆ

ನೀರಿಗೆ ತಕ್ಕ ಮೀನನ್ನು ಆರಿಸಬೇಕು. ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಒಗ್ಗುತ್ತವೆ. ಮಲೆನಾಡು, ಕರಾವಳಿಯ ಮೆದು ನೀರಿಗೆ ಟೆಟ್ರಾ, ಏಂಜೆಲ್ ಸೂಕ್ತ. ತಂಪು ನೀರು ಬಯಸುವ ಗೋಲ್ಡ್‌ಫಿಶ್ ಅನ್ನು ಇವುಗಳೊಡನೆ ಬೆರೆಸಬಾರದು.

ಸಣ್ಣ ಜಾತಿಗಳಿಗೆ, ಪೂರ್ಣ ಬೆಳೆದ ಮೀನಿನ ಪ್ರತಿ 1 ಸೆಂ.ಮೀ. ಉದ್ದಕ್ಕೆ 2 ಲೀಟರ್ ನೀರು ಎಂಬ ಲೆಕ್ಕ ಹೊಸಬರಿಗೆ ಸುರಕ್ಷಿತ. 200 ಲೀಟರಿಗೆ ಒಟ್ಟು 100 ಸೆಂ.ಮೀ.; ಅಂದರೆ 8 ಸೆಂ.ಮೀ.ನ 5 ಮೋಲಿ ಮತ್ತು 5 ಸೆಂ.ಮೀ.ನ 10 ಪ್ಲಾಟಿ ಬಿಟ್ಟರೆ 90 ಸೆಂ.ಮೀ. ಆಗುತ್ತದೆ. ಇವು ಮರಿ ಹಾಕುವ ಜಾತಿಗಳಾದ್ದರಿಂದ ಉಳಿದ ಜಾಗ ಖಾಲಿಯಿರಲಿ. ಎಲ್ಲವನ್ನೂ ಒಮ್ಮೆಗೇ ಬಿಡದೆ, ಮೊದಲು 5 ಮೀನು, ಎರಡು ವಾರಗಳ ನಂತರ ಮತ್ತೆ 5, ಹೀಗೆ ಸೇರಿಸಬೇಕು.

ಮೀನಿನ ಚೀಲವನ್ನು 15 ರಿಂದ 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ನಂತರ ಅರ್ಧ ಗಂಟೆಯಲ್ಲಿ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಬೇಕು. ಮೀನನ್ನು ಬಲೆಯಿಂದ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೀಳಬಾರದು.

ನಿರ್ವಹಣೆ

• ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೆ ಒಂದೆರಡು ಬಾರಿ ಮಾತ್ರ ಕೊಡಿ.
• ವಾರಕ್ಕೊಮ್ಮೆ ಶೇ. 20 ರಿಂದ 25 ನೀರು ಬದಲಿಸಿ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುತ್ತದೆ. ಉಪ್ಪು, ಔಷಧಿ ಬಳಸಿರದಿದ್ದರೆ ಕೈತೋಟಕ್ಕೆ ಹಾಯಿಸಬಹುದು.
• ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.
• ಪೈರೆಥ್ರಾಯ್ಡ್ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ ಮಾರಕ. ಸಿಂಪರಣೆ ಮಾಡಿದ ಕೈಯನ್ನು ತೊಟ್ಟಿಗೆ ಹಾಕಬೇಡಿ. ಸೊಳ್ಳೆ ಸ್ಪ್ರೇ ಬಳಸುವ ಕೋಣೆಯಲ್ಲಿ ಗಾಳಿ ಪಂಪು ಇಡಬೇಡಿ.
• ನೀರಿನೊಳಗೆ ಕೈ ಹಾಕುವ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ.

ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆದು ಉಸಿರಾಡುತ್ತಿದ್ದರೆ ತಕ್ಷಣ ಆಹಾರ ನಿಲ್ಲಿಸಿ, ಶೇ. 30 ರಿಂದ 50 ನೀರು ಬದಲಿಸಿ, ಗಾಳಿ ಹೆಚ್ಚಿಸಿ. ಔಷಧಿಯ ಯೋಚನೆ ಆಮೇಲೆ.

ಕೆರೆಗೆ ಬಿಡಬೇಡಿ

ತೊಟ್ಟಿ ಶುಚಿಮಾಡುತ್ತದೆಂದು ಮಾರುವ ಸಕ್ಕರ್ ಮೀನು 30 ಸೆಂ.ಮೀ.ಗೂ ಮೀರಿ ಬೆಳೆಯುತ್ತದೆ. ಬೇಡವಾದಾಗ ಜನರು ನೀರಿಗೆ ಬಿಟ್ಟ ಈ ವಿದೇಶಿ ಮೀನು ದೇಶದ ಹಲವು ಜಲಮೂಲಗಳಲ್ಲಿ ನೆಲೆಯೂರಿ, ದಡಗಳಲ್ಲಿ ಬಿಲ ಕೊರೆಯುತ್ತಿದೆ, ಮೀನುಗಾರರ ಬಲೆ ಹರಿಯುತ್ತಿದೆ. ಕೃಷಿಹೊಂಡದಲ್ಲಿ ಕಾಟ್ಲ, ರೋಹು ಸಾಕುವವರಿಗೆ ಇದರಿಂದ ನೇರ ನಷ್ಟ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ ಅಥವಾ ಸಾಕುವವರಿಗೆ ಕೊಡಿ. ವಿಸ್ತರಣಾ ಕಾರ್ಯಕರ್ತರು ಈ ಅಂಶವನ್ನು ಗ್ರಾಮಸಭೆ ಹಾಗೂ ಶಾಲೆಗಳಲ್ಲಿ ತಿಳಿಸುವುದು ಅಗತ್ಯ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.