ಕಾರು ಕದ್ದವನು ಹೊರಗಿನವನೋ, ಒಳಗಿನವನೋ?

ಸೋಮವಾರ ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಒಂದು ವಿಮಾ ಕಚೇರಿ ಎಂದುಕೊಳ್ಳಿ. ಮೇಜಿನ ಮುಂದೆ ಇಬ್ಬರು ಕುಳಿತಿದ್ದಾರೆ. ಇಬ್ಬರ ಕಾರೂ ಕಳುವಾಗಿದೆ. ಮೊದಲನೆಯವರ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಪಾಲಿಸಿ, ಆರ್.ಸಿ., ಎಫ್‌ಐಆರ್ ಪ್ರತಿ, ಎರಡು ಕೀ ಎಲ್ಲವೂ ಅದರಲ್ಲಿ ಒಪ್ಪವಾಗಿವೆ. ಮಾತೂ ಸಮಾಧಾನದ್ದು. ಎರಡನೆಯವರು ಬೆವರುತ್ತಿದ್ದಾರೆ. ತಾರೀಖು ತಪ್ಪು ಹೇಳಿ ತಿದ್ದಿಕೊಳ್ಳುತ್ತಾರೆ. ಅವರ ಹತ್ತಿರ ಇರುವುದು ಒಂದೇ ಕೀ. ‘ಇನ್ನೊಂದು ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು ಸಾರ್’ ಎನ್ನುತ್ತಾರೆ.

ಇಬ್ಬರಲ್ಲಿ ಒಬ್ಬರ ಕಾರು ಕಳುವಾಗಿಯೇ ಇಲ್ಲ. ಅದು ಯಾರದು? ಉತ್ತರವನ್ನು ಸ್ವಲ್ಪ ತಡೆದು ನೋಡೋಣ.

ವಾಹನ ವಿಮೆಯಲ್ಲಿ ನಡೆಯುವ ಮೋಸಗಳಲ್ಲಿ ‘ಕಳುವಿನ ನಾಟಕ’ ಹಳೆಯದು. ಅಪಘಾತವಾದರೆ ಜಜ್ಜಿದ ಕಾರಾದರೂ ಕಣ್ಣೆದುರಿಗಿರುತ್ತದೆ, ಸರ್ವೇಯರ್ ಬಂದು ನೋಡಬಹುದು. ಕಳುವಾದ ಕಾರನ್ನು ನೋಡುವುದೆಲ್ಲಿ? ಇಲ್ಲದ ವಸ್ತುವಿನ ಬಗ್ಗೆ ಒಡೆಯ ಹೇಳಿದ ಮಾತೇ ಮೊದಲ ಸಾಕ್ಷ್ಯ. ಮೋಸಗಾರನಿಗೆ ಅನುಕೂಲವಾಗುವುದು ಅದೇ.

ಆಸೆ ಹುಟ್ಟುವ ಲೆಕ್ಕ

1988ರ ಮೋಟಾರು ವಾಹನ ಕಾಯ್ದೆ ಪ್ರತಿ ವಾಹನಕ್ಕೂ ಕಡ್ಡಾಯ ಮಾಡಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ. ಅದೊಂದೇ ಇದ್ದರೆ ಕಳುವಿಗೆ ಬಿಡಿಗಾಸೂ ಸಿಗದು. ಸ್ವಂತ ವಾಹನದ ಹಾನಿಗೂ ಸೇರಿಸಿ ಪಾಲಿಸಿ ಮಾಡಿಸಿದವರಿಗೆ ಮಾತ್ರ ಪರಿಹಾರ. ಆಗ ಸಿಗುವ ಮೊತ್ತವನ್ನು ‘ಐ.ಡಿ.ವಿ.’ ಎನ್ನುತ್ತಾರೆ. ಎಂದರೆ ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯ. ಕಾರಿಗೆ ಎರಡು ವರ್ಷ ತುಂಬಿ ಮೂರು ತುಂಬದಿದ್ದರೆ, ಅದೇ ಮಾದರಿಯ ಹೊಸ ಕಾರಿನ ಬೆಲೆಯಲ್ಲಿ ಶೇ. 30 ಕಳೆಯುವುದು ರೂಢಿ. ಎಂಟು ಲಕ್ಷದ ಕಾರು ಎಂದಿಟ್ಟುಕೊಂಡರೆ 5 ಲಕ್ಷ 60 ಸಾವಿರ ಬಂತು.

ಈಗ ಆ ಕಾರಿನ ಎಂಜಿನ್ ಕೆಟ್ಟಿದೆ, ಮಾರಲು ಹೋದರೆ ಮೂರು ಲಕ್ಷವೂ ಹುಟ್ಟುವುದಿಲ್ಲ, ಜೊತೆಗೆ ಸಾಲದ ಕಂತು ನಾಲ್ಕು ತಿಂಗಳಿಂದ ಬಾಕಿ ಎಂದುಕೊಳ್ಳಿ. ‘ಇದು ಕಳುವಾದರೆ ಎಷ್ಟು ಚೆನ್ನ!’ ಎಂಬ ಯೋಚನೆ ಸುಳಿಯುವುದು ಇಂಥ ಹೊತ್ತಿನಲ್ಲೇ. ಆದ್ದರಿಂದ ಅನುಭವಿ ತನಿಖೆಗಾರ ಮೊದಲು ಕೇಳುವುದು ಕಾರು ಎಲ್ಲಿ ಹೋಯಿತು ಎಂದಲ್ಲ, ಹೋದದ್ದರಿಂದ ಯಾರಿಗೆ ಲಾಭ ಎಂದು.

ಗಮನ ಸೆಳೆಯುವ ಗುರುತುಗಳು

ಮೊದಲನೆಯದು ಕಾಲ. ಪಾಲಿಸಿ ಮಾಡಿಸಿ ಹತ್ತೇ ದಿನಕ್ಕೆ ಕಾರು ಮಾಯ. ಅಥವಾ ಬಹುಕಾಲ ಬರೀ ಕಡ್ಡಾಯ ವಿಮೆಯಲ್ಲೇ ಇದ್ದ ಹಳೆಯ ಕಾರಿಗೆ ಇದ್ದಕ್ಕಿದ್ದಂತೆ ಪೂರ್ಣ ವಿಮೆ, ಬೆನ್ನಿಗೇ ಕಳವು. ಪಾಲಿಸಿ ಮುಗಿಯಲು ಎರಡು ದಿನವಿರುವಾಗ ನಡೆದ ಕಳವನ್ನೂ ಹೀಗೆಯೇ ಎರಡು ಸಲ ನೋಡುತ್ತಾರೆ.

ಎರಡನೆಯದು ಕೀ. ಪರಿಹಾರ ಕೇಳುವಾಗ ಕಾರಿನ ಜೊತೆ ಬಂದ ಎರಡೂ ಕೀಗಳನ್ನು ಒಪ್ಪಿಸಬೇಕು. ಅವು ಬಾಯಿಲ್ಲದ ಸಾಕ್ಷಿಗಳು. ಐದು ವರ್ಷ ಓಡಿಸಿದ ಕಾರಿನ ಕೀ ಸವೆದಿರುತ್ತದೆ. ಒಪ್ಪಿಸಿದ ಎರಡರಲ್ಲಿ ಒಂದು ನಿನ್ನೆ ಮೊನ್ನೆ ಕೊರೆಸಿದಂತೆ ಹೊಳೆಯುತ್ತಿದ್ದರೆ, ಅಸಲು ಕೀ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಈಚಿನ ಕಾರುಗಳ ಕೀಯಲ್ಲಿ ಚಿಪ್ ಇರುತ್ತದೆ. ಅದನ್ನು ಗುರುತಿಸದೆ ಎಂಜಿನ್ ಚಾಲೂ ಆಗದು. ಹಾಗೆಂದು ಕಳುವೇ ಅಸಾಧ್ಯವೇನಲ್ಲ. ಸಲಕರಣೆ ಹಿಡಿದು ಬಂದು ಹೊಸ ಕೀಯನ್ನು ಕಾರಿಗೆ ‘ಪರಿಚಯ’ ಮಾಡಿಕೊಡುವ ಕಳ್ಳರೂ ಇದ್ದಾರೆ.

ಮೂರನೆಯದು ಸ್ಥಳ ಮತ್ತು ಓಡಾಟ. ಪ್ರತಿದಿನ ಗೇಟಿನೊಳಗೆ ನಿಲ್ಲುತ್ತಿದ್ದ ಕಾರು ಆ ಒಂದು ರಾತ್ರಿ ಮಾತ್ರ ದೂರದ ಕತ್ತಲ ರಸ್ತೆಯಲ್ಲಿ ನಿಂತದ್ದೇಕೆ? ಒಳಗಿದ್ದ ಮಗುವಿನ ಆಸನ, ದೇವರ ಪಟ, ಕಾಗದಪತ್ರ ಎಲ್ಲ ಹಿಂದಿನ ದಿನವೇ ಮನೆಗೆ ಬಂದದ್ದೇಕೆ? 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಕಾರಿನ ಓಡಾಟಕ್ಕೆ ದಿನಚರಿಯೇ ಸಿಕ್ಕಂತಾಗಿದೆ. ಬೀದಿಯ ಕ್ಯಾಮೆರಾ, ಗ್ಯಾರೇಜಿನ ಬಿಲ್ಲು, ಒಡೆಯನ ಮೊಬೈಲು ಎಲ್ಲವೂ ತಮ್ಮ ತಮ್ಮ ಕತೆ ಹೇಳುತ್ತವೆ. ಒಂದು ಕತೆ ಇನ್ನೊಂದಕ್ಕೆ ಹೊಂದದಿದ್ದಾಗ ಫೈಲು ಮೇಲಕ್ಕೆ ಹೋಗುತ್ತದೆ.

ನಾಲ್ಕನೆಯದು ಕಾಗದ. ಎಲ್ಲವೂ ನೆರಳಚ್ಚು ಪ್ರತಿ, ಮೂಲ ಒಂದೂ ಇಲ್ಲ. ಆರ್.ಸಿ. ಕಳೆದಿದೆಯೆಂದು ಹೋದ ತಿಂಗಳಷ್ಟೇ ನಕಲು ಪಡೆದಿದ್ದಾರೆ. ಪಾಲಿಸಿಯ ಷಾಸಿ ನಂಬರಿಗೂ ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಗೂ ತಾಳೆಯಿಲ್ಲ. ಕೆಲವೊಮ್ಮೆ ಕಾರೇ ಇರುವುದಿಲ್ಲ. ಹಿಂದೆಂದೋ ಗುಜರಿಗೆ ಹೋದ ಕಾರು ಕಾಗದದ ಮೇಲೆ ಮಾತ್ರ ಓಡುತ್ತಿರುತ್ತದೆ. ಅದಕ್ಕೇ ವಿಮೆ, ಅದಕ್ಕೇ ಕಳವು!

ಐದನೆಯದು ನಡವಳಿಕೆ. ಕಾರು ಹೋದ ದುಃಖಕ್ಕಿಂತ ಚೆಕ್ಕಿನ ಆತುರವೇ ಹೆಚ್ಚಾದಾಗ, ‘ಪೂರ್ತಿ ಬೇಡ, ಇವತ್ತೇ ಕೊಡುವುದಾದರೆ ಕಡಿಮೆಯೇ ಆಗಲಿ’ ಎಂಬ ಮಾತು ಬಂದಾಗ ಅಧಿಕಾರಿಯ ಹುಬ್ಬು ಮೇಲೇರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದ ಪ್ರಶ್ನೆಗೆ ಮೊದಲೇ ಉತ್ತರ ಕೊಡುವವರೂ ಉಂಟು.

ನಾಟಕದ ಕಾರು ಹೋಗುವುದೆಲ್ಲಿಗೆ?

ಕೆಲವು ಕಾರುಗಳು ಬಿಡಿಭಾಗಗಳಾಗಿ ಹಂಚಿಹೋಗುತ್ತವೆ. ಕೆಲವು ಸುಟ್ಟ ಸ್ಥಿತಿಯಲ್ಲೋ ಕೆರೆಯಲ್ಲೋ ಸಿಗುತ್ತವೆ. ಇನ್ನು ಕೆಲವು ನಂಬರು ಬದಲಿಸಿಕೊಂಡು ದೂರದ ಊರಿನ ಅಮಾಯಕನ ಮನೆ ಸೇರುತ್ತವೆ. ಅಪಘಾತದಲ್ಲಿ ಪೂರ್ತಿ ಹಾಳಾದ ಕಾರಿನ ಕಾಗದವನ್ನು ಕೊಂಡು, ಅದೇ ಮಾದರಿಯ, ಅದೇ ಬಣ್ಣದ ‘ಕಳುವಾದ’ ಕಾರಿಗೆ ಆ ಷಾಸಿ ನಂಬರನ್ನು ಕೆತ್ತುವುದು ಈ ದಂಧೆಯ ಪರಿಚಿತ ವಿದ್ಯೆ. ಆದರೆ ಉಕ್ಕಿಗೆ ನೆನಪು ಜಾಸ್ತಿ. ಉಜ್ಜಿ ಅಳಿಸಿದ ಜಾಗಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲ ಸವರಿದರೆ ಹಳೆಯ ಅಂಕಿಗಳು ಎಷ್ಟೋ ಸಲ ಮತ್ತೆ ಮೂಡುತ್ತವೆ. ಆಗ ಪೊಲೀಸರು ಬಂದು ನಿಲ್ಲುವುದು ಕೊಂಡವನ ಮನೆ ಬಾಗಿಲಲ್ಲಿ. ಹಳೆಯ ಕಾರು ಕೊಳ್ಳುವವರು ಷಾಸಿ, ಎಂಜಿನ್ ನಂಬರುಗಳನ್ನು ಸ್ವತಃ ಓದಿ ಆರ್.ಸಿ.ಯೊಂದಿಗೆ ಹೋಲಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ’ದಲ್ಲಿ ಅದು ಕಳುವಿನ ಪಟ್ಟಿಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು.

ಸಿಕ್ಕಿಬಿದ್ದರೆ ಹೋಗುವುದು ಪರಿಹಾರ ಮಾತ್ರವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚಿಸಿ ಹಣ ಪಡೆದವರಿಗೆ ಏಳು ವರ್ಷದವರೆಗೂ ಸೆರೆವಾಸ ಆಗಬಹುದು. ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ 217ನೇ ಕಲಮು ಬೇರೆ ಇದೆ. ದೂರು ಸುಳ್ಳೆಂದು ಕಂಡರೆ ಪೊಲೀಸರು ‘ಬಿ’ ರಿಪೋರ್ಟ್ ಹಾಕುತ್ತಾರೆ. ಕಳವು ನಿಜ, ಆದರೆ ಪತ್ತೆಯಾಗಿಲ್ಲ ಎಂದರೆ ‘ಸಿ’ ರಿಪೋರ್ಟ್. ಪರಿಹಾರ ಕೇಳುವವರ ಕೈಗೆ ಬೇಕಾದದ್ದು ಎರಡನೆಯದು.

ಪ್ರಾಮಾಣಿಕರು ಏನು ಮಾಡಬೇಕು?

ಗುರುತು ಎಂದರೆ ಅಪರಾಧವಲ್ಲ. ಹೊಸ ಪಾಲಿಸಿಯ ಕಾರೂ ಕಳುವಾಗುತ್ತದೆ, ಸಾಲಗಾರನ ಕಾರೂ ಕಳುವಾಗುತ್ತದೆ. ಕಾರಿನ ಜೊತೆಗೆ ಮಾನವನ್ನೂ ಕಳೆದುಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು. ಅದಕ್ಕೆ ದಾರಿ ಇಷ್ಟೆ: ಕಳವು ತಿಳಿದ ಕೂಡಲೇ 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಅದೇ ದಿನ ವಿಮಾ ಕಂಪನಿಗೂ, ತಡಮಾಡದೆ ಆರ್‌ಟಿಒ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿಗೂ ಹೇಳಿ, ಏಕೆಂದರೆ ಪರಿಹಾರದಲ್ಲಿ ಮೊದಲ ಪಾಲು ಅದರದು. ಕೀ ಕಳೆದರೆ ಅವತ್ತೇ ಪೊಲೀಸರಿಗೆ ತಿಳಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಕಾರು ಹೋದ ಮೇಲೆ ಕೀ ಕತೆ ಹೇಳಿದರೆ ನಂಬುವವರು ಕಡಿಮೆ.

ಗಾಬರಿಯಲ್ಲಿ ಕಂಪನಿಗೆ ತಿಳಿಸುವುದು ತಡವಾಯಿತೆಂದು ಎದೆಗುಂದಬೇಕಾಗಿಲ್ಲ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದು, ಕಳವು ನಿಜವಾಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅನ್ಯಾಯವಾಯಿತು ಎನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಯಿದೆ, ಅಲ್ಲಿ ಶುಲ್ಕವಿಲ್ಲ. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಈಗ ಮತ್ತೆ ಆ ಇಬ್ಬರ ವಿಷಯ. ಬೆವರುತ್ತಿದ್ದವರ ಕಾರು ಹೋದದ್ದು ನಿಜ. ನಸುಕಿನ ಮೂರು ಗಂಟೆಗೆ ಅಪರಿಚಿತನೊಬ್ಬ ಅದನ್ನು ಓಡಿಸಿಕೊಂಡು ಹೋದದ್ದು ಎದುರು ಮನೆಯ ಕ್ಯಾಮೆರಾದಲ್ಲಿತ್ತು. ಒಂದು ಕೀ ಕಳೆದಿದೆಯೆಂದು ವರ್ಷದ ಹಿಂದೆಯೇ ಠಾಣೆಗೆ ಕೊಟ್ಟ ಅರ್ಜಿಯ ಪ್ರತಿಯೂ ಹಳೆಯ ಡೈರಿಯೊಳಗೆ ಸಿಕ್ಕಿತು. ಒಪ್ಪವಾದ ಫೈಲಿನವರ ಎರಡು ಕೀಗಳಲ್ಲಿ ಒಂದು ಹೊಸದಾಗಿ ಕೊರೆಸಿದ್ದು. ಅವರ ಕಾರು ‘ಕಳುವಾದ’ ರಾತ್ರಿಗೆ ಎರಡು ದಿನ ಮೊದಲೇ ಅತ್ತಿಬೆಲೆಯ ಟೋಲ್ ದಾಟಿತ್ತು, ಮರಳಿ ಬಂದ ದಾಖಲೆ ಇರಲಿಲ್ಲ.

ಇದು ಕಲ್ಪನೆಯ ಪ್ರಸಂಗವಾದರೂ ಲೆಕ್ಕ ನಿಜವಾದದ್ದು. ಸುಳ್ಳು ಕಳುವಿಗೆ ಕೊಟ್ಟ ಹಣ ಯಾರದೋ ಖಜಾನೆಯಿಂದ ಉದುರುವುದಿಲ್ಲ. ವರ್ಷವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿ, ಒಮ್ಮೆಯೂ ಪರಿಹಾರ ಕೇಳದೆ ಕಾರು ಓಡಿಸುವ ಸಾಮಾನ್ಯನ ಜೇಬಿನಿಂದಲೇ ಅದು ಹೋಗುತ್ತದೆ. ನಾಳೆ ಅವನ ಕಾರು ನಿಜವಾಗಿಯೂ ಕಳುವಾದಾಗ, ಯಾರೋ ಆಡಿದ ನಾಟಕದಿಂದಾಗಿ ಅವನೂ ಅನುಮಾನದ ಕಣ್ಣೆದುರು ಕೂರಬೇಕಾಗುತ್ತದೆ.