ತಲೆನೋವಿನ ಬೇರು ದವಡೆಯಲ್ಲಿಯೂ ಇರಬಹುದು



ವಾರದ ಸಭೆ ಮುಗಿದು ಉಳಿತಾಯದ ಪುಸ್ತಕ ಮುಚ್ಚುವ ಹೊತ್ತಿಗೆ "ಯಾರಲ್ಲಾದ್ರೂ ತಲೆನೋವಿನ ಮಾತ್ರೆ ಉಂಟಾ?" ಎಂದು ಒಬ್ಬರಾದರೂ ಕೇಳುವುದು ಎಲ್ಲಾ ಸಂಘಗಳಲ್ಲಿಯೂ ಇದ್ದದ್ದೇ. ಯಾರದೋ ಪರ್ಸಿನಿಂದ ಮಾತ್ರೆ ಬರ್ತದೆ, ಒಂದು ಲೋಟ ನೀರು ಬರ್ತದೆ, ಅಲ್ಲಿಗೆ ಮುಗೀತು. ತಲೆನೋವಿಗೆ ಕಾರಣ ಕೇಳಿದರೆ ಬಿಸಿಲು, ಪಿತ್ತ, ನಿದ್ದೆಗೆಟ್ಟದ್ದು, ಕಣ್ಣಿನ ದೋಷ ಎನ್ನುತ್ತೇವೆ. ದವಡೆ ಎಂದು ಹೇಳುವವರು ಕಡಿಮೆ. ಆದರೆ ಕೆಲವರಿಗೆ ತಿಂಗಳುಗಟ್ಟಲೆ ಬಿಡದ ತಲೆನೋವು ದವಡೆಯ ಕೀಲು ಮತ್ತು ಅದರ ಸ್ನಾಯುಗಳಿಂದಲೇ ಬರುತ್ತದೆ. ಇದನ್ನು ಗುರುತಿಸಲು ಮೊದಲಿಗೆ ಯಂತ್ರ, ಸ್ಕ್ಯಾನ್ ಯಾವುದೂ ಬೇಡ, ನಿಮ್ಮ ಎರಡು ಕೈ ಸಾಕು.

ಎರಡು ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಅಡಿಯಲ್ಲಿ ಏನೋ ಜಾರಿದ ಹಾಗೆ ಆಗ್ತದಲ್ಲ, ಅದೇ ದವಡೆಯ ಕೀಲು. ಇದು ಬಾಗಿಲಿನ ಕೀಲಿನ ಹಾಗೆ ತಿರುಗುವುದಷ್ಟೇ ಅಲ್ಲ, ಬಾಯಿ ದೊಡ್ಡದಾಗಿ ತೆರೆದಾಗ ಮುಂದಕ್ಕೂ ಜಾರುತ್ತದೆ. ಮೂಳೆಗೆ ಮೂಳೆ ತಿಕ್ಕದಂತೆ ನಡುವೆ ಒಂದು ತೆಳು ಮೆತ್ತೆ ಇರುತ್ತದೆ. ಈಗ ಕೈಯನ್ನು ಹಣೆಯ ಪಕ್ಕ, ಕಿವಿಯ ಮೇಲ್ಭಾಗದಲ್ಲಿ ಇಟ್ಟು ಹಲ್ಲು ಗಟ್ಟಿಯಾಗಿ ಕಚ್ಚಿ. ಅಲ್ಲಿ ಸ್ನಾಯು ಉಬ್ಬುತ್ತದೆ. ನಾವು ತಲೆ ಎಂದುಕೊಂಡಿರುವ ಜಾಗದಲ್ಲಿ ಅಗಿಯುವ ಸ್ನಾಯು ಬೀಸಣಿಗೆಯ ಹಾಗೆ ಹರಡಿಕೊಂಡಿದೆ. ಅದು ದಣಿದರೆ ನಮಗೆ "ತಲೆ" ನೋಯುತ್ತದೆ.

ಇದು ದಣಿಯುವುದು ಯಾಕೆ? ಊಟ ಅಗಿಯುವಾಗ ಮತ್ತು ನುಂಗುವಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ಆದರೆ ಚಿಂತೆ ಇರುವಾಗ ಗೊತ್ತೇ ಆಗದಂತೆ ಹಲ್ಲು ಬಿಗಿ ಹಿಡಿಯುತ್ತೇವೆ. "ಹಲ್ಲು ಕಚ್ಚಿ ಸಹಿಸಿಕೊಂಡೆ" ಎಂದು ಹೇಳ್ತೇವಲ್ಲ, ಅದು ಬರೀ ಮಾತಲ್ಲ! ಕಂತು ಕಟ್ಟುವ ದಿನ ಹತ್ತಿರ ಬಂದಾಗ, ಮನೆಯಲ್ಲಿ ಜಗಳ ಆದಾಗ ನಿಮ್ಮ ದವಡೆ ಹೇಗಿರುತ್ತದೆ ಎಂದು ಗಮನಿಸಿ. ಕೆಲವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಪಕ್ಕದಲ್ಲಿ ಮಲಗಿದವರು ಹೇಳಿದರೆ ಮಾತ್ರ ಗೊತ್ತು. ದವಡೆಗೆ ಬಿದ್ದ ಪೆಟ್ಟು, ಸಂಧಿವಾತ, ಸರಿ ನಿದ್ದೆ ಇಲ್ಲದ್ದು ಇವೂ ಕಾರಣ. ಹೊಲಿಗೆ ಕೆಲಸದವರು ನೂಲನ್ನು ಹಲ್ಲಿನಲ್ಲಿ ಕತ್ತರಿಸುವುದು, ದಿನವಿಡೀ ಎಲೆ ಅಡಿಕೆ ಜಗಿಯುವುದು, ಮೊಬೈಲನ್ನು ಭುಜ ಮತ್ತು ದವಡೆಯ ನಡುವೆ ಸಿಕ್ಕಿಸಿಕೊಂಡು ಅಡುಗೆ ಮಾಡುವುದು ನೋವನ್ನು ಹೆಚ್ಚಿಸುತ್ತವೆ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದರಲ್ಲೂ 20ರಿಂದ 40ರ ಪ್ರಾಯದವರಲ್ಲಿ.

ಗುರುತಿಸುವುದು ಹೇಗೆ?

ನೋವು ಹಣೆಯ ಪಕ್ಕದಲ್ಲಿ, ಒಂದು ಕಡೆ ಅಥವಾ ಎರಡೂ ಕಡೆ ಇರುತ್ತದೆ. ಮುಖ್ಯ ಗುರುತು ಏನೆಂದರೆ ಅಗಿದಾಗ, ಆಕಳಿಸಿದಾಗ, ತುಂಬಾ ಮಾತಾಡಿದಾಗ ಆ ನೋವು ಹೆಚ್ಚು ಕಡಿಮೆ ಆಗ್ತದೆ. ಹಣೆಯ ಪಕ್ಕದ ಆ ಸ್ನಾಯುವನ್ನು ಬೆರಳಿನಿಂದ ಒತ್ತಿದರೆ "ಹಾಂ, ಇದೇ ನೋವು" ಎನ್ನಿಸುತ್ತದೆ. ಬೆಳಿಗ್ಗೆ ಏಳುವಾಗಲೇ ಕೆನ್ನೆ ಬಿಗಿದಿರಬಹುದು. ಕಿವಿ ನೋವೆಂದು ತೋರಿಸಿದರೆ ಕಿವಿಯಲ್ಲಿ ಏನೂ ಇರುವುದಿಲ್ಲ. ಬಾಯಿ ತೆರೆಯುವಾಗ ತಡೆದ ಹಾಗೆ ಆಗಬಹುದು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸಿ ನೋಡಿ, ಸಾಮಾನ್ಯವಾಗಿ ಹಿಡಿಸಬೇಕು. ದವಡೆ "ಟಿಕ್ ಟಿಕ್" ಎಂದು ಶಬ್ದ ಮಾಡುತ್ತದೆ, ಆದರೆ ನೋವಿಲ್ಲ ಎನ್ನುವವರು ಹೆದರಬೇಡಿ. ನೋವಿಲ್ಲದ ಶಬ್ದಕ್ಕೆ ಚಿಕಿತ್ಸೆ ಬೇಕಿಲ್ಲ.

ಅರೆತಲೆನೋವು ಬೇರೆ. ಅದರಲ್ಲಿ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಮತ್ತು ಸದ್ದು ಸಹಿಸಲು ಆಗುವುದಿಲ್ಲ. ಆದರೆ ಒಬ್ಬರಿಗೇ ಎರಡೂ ಇರಬಹುದು.

ಇಲ್ಲಿ ಹಣದ ಮಾತೂ ಇದೆ. ನೋವು ದವಡೆಯದ್ದೆಂದು ತಿಳಿಯದೆ ಮೊದಲು ಕನ್ನಡಕ, ಆಮೇಲೆ ತಲೆಯ ಸ್ಕ್ಯಾನ್, ಆಮೇಲೆ ಒಳ್ಳೆಯ ಹಲ್ಲನ್ನೇ ಕೀಳಿಸುವುದು, ಹೀಗೆ ಸಂಘದಿಂದ ತೆಗೆದ ಸಾಲ ಕರಗುತ್ತದೆ, ನೋವು ಹಾಗೇ ಉಳಿಯುತ್ತದೆ. ಹಲ್ಲಿನಿಂದಲೇ ಈ ನೋವು ಎಂಬ ನಂಬಿಕೆ ಹಳೆಯದು. 1934ರಲ್ಲಿ ಅಮೆರಿಕದ ಜೇಮ್ಸ್ ಕಾಸ್ಟೆನ್ ಎಂಬ ಕಿವಿ ಗಂಟಲಿನ ವೈದ್ಯರು, ಹಿಂದಿನ ಹಲ್ಲುಗಳು ಉದುರಿ ದವಡೆ ಕುಸಿಯುವುದರಿಂದ ಕಿವಿನೋವು ತಲೆನೋವು ಬರುತ್ತದೆ ಎಂದು ಬರೆದರು. ಆ ವಿವರಣೆ ಮುಂದೆ ನಿಲ್ಲಲಿಲ್ಲ. ಈಗ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗದರ್ಶಿ ಹೇಳುವಂತೆ, ಹಳೆಯ ದವಡೆ ನೋವಿಗೆ ದವಡೆಯ ವ್ಯಾಯಾಮ, ಸ್ನಾಯುವಿನ ಮಾಲೀಸು, ಕುಳಿತುಕೊಳ್ಳುವ ಭಂಗಿ ಸರಿಪಡಿಸುವುದು, ಮನಸ್ಸಿನ ಒತ್ತಡ ಇಳಿಸುವ ತರಬೇತಿ ಇವೇ ಮುಂದೆ ನಿಲ್ಲುವ ಚಿಕಿತ್ಸೆಗಳು. ಆದ್ದರಿಂದ ಈ ನೋವಿಗೆಂದು ಹಲ್ಲು ಅರೆಯಬೇಕು, ಕೀಳಬೇಕು, ಆಪರೇಷನ್ ಮಾಡಬೇಕು ಎಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ, ಇನ್ನೊಬ್ಬ ವೈದ್ಯರನ್ನು ಕೇಳಿ. ಹುಳುಕು ಹಲ್ಲು ಬೇರೆ ವಿಷಯ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು.

ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, 3 ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆಗೂ ಕೆಲವು ನೋವಿನ ಮಾತ್ರೆ ದಾರಿ ಮಾಡುತ್ತದೆ. ಒಂದು ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಗುರುತು ಹಾಕಿ. ಉಳಿತಾಯದ ಲೆಕ್ಕ ಇಡುವ ನಮಗೆ ಇದು ಕಷ್ಟದ ಕೆಲಸವಲ್ಲ.

ಮನೆಯಲ್ಲಿ ಏನು ಮಾಡಬಹುದು?

ಮೊದಲನೆಯದಾಗಿ ದವಡೆಗೆ ಬಿಡುವು ಕೊಡಿ. "ನ" ಎಂದು ಹೇಳಿ ನಾಲಿಗೆಯ ತುದಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಬಿಡಿ, ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದು ಇರಲಿ. ಇದೇ ದವಡೆಯ ವಿಶ್ರಾಂತಿ. ಮರೆತುಹೋಗುತ್ತದೆ, ಅದಕ್ಕೇ ನೀರು ಸೇದುವಾಗ, ಬಸ್ಸಿಗೆ ಕಾಯುವಾಗ, ಒಲೆ ಹಚ್ಚುವಾಗ ನೆನಪು ಮಾಡಿಕೊಳ್ಳಿ. ನಾವು ಹೇಳುವ ಎಲ್ಲದರಲ್ಲಿ ಇದೇ ಹೆಚ್ಚು ಉಪಯೋಗದ್ದು, ಖರ್ಚೂ ಇಲ್ಲ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆ ಮತ್ತು ಹಣೆಯ ಪಕ್ಕಕ್ಕೆ 15 ನಿಮಿಷ ಇಡಿ, ಚರ್ಮ ಸುಡದಷ್ಟು ಬಿಸಿ ಸಾಕು. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಸುತ್ತು ತಿಕ್ಕಿ. ನಾಲಿಗೆ ತುದಿಯನ್ನು ಅಂಗುಳಕ್ಕೆ ತಾಗಿಸಿಕೊಂಡೇ ಬಾಯಿಯನ್ನು ನಿಧಾನ ತೆರೆದು ಮುಚ್ಚುವುದನ್ನು 5-6 ಸಲ, ದಿನಕ್ಕೆ ಕೆಲವು ಬಾರಿ ಮಾಡಿ. ನೋವು ಹೆಚ್ಚಾದರೆ ನಿಲ್ಲಿಸಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಆನಿಸಿಕೊಳ್ಳಿ.

ನೋವು ಜೋರಿರುವ ಕೆಲವು ದಿನ ಗಂಜಿ, ಮೆತ್ತನೆ ಅನ್ನ ಸಾರು, ಇಡ್ಲಿ ಸಾಕು. ರಾಗಿ ಮುದ್ದೆ ಉಣ್ಣುವವರಿಗೆ ಚಿಂತೆಯೇ ಇಲ್ಲ, ಅದನ್ನು ಅಗಿಯುವ ಕ್ರಮವೇ ಇಲ್ಲವಲ್ಲ! ಚಕ್ಕುಲಿ, ಕಬ್ಬು, ಹುರಿಗಡಲೆ, ಎಲೆ ಅಡಿಕೆ ದೂರ ಇಡಿ. ಹೆಚ್ಚಿನವರಿಗೆ ಇಷ್ಟರಲ್ಲೇ ಕೆಲವು ವಾರಗಳಲ್ಲಿ ಹಗುರವಾಗುತ್ತದೆ.

ಹಗುರವಾಗದಿದ್ದರೆ ತಾಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿ ಅಥವಾ ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ತೋರಿಸಿ. "ಹಲ್ಲು ನೋವು" ಎನ್ನದೆ "ಅಗಿಯುವಾಗ ತಲೆನೋವು, ದವಡೆಯ ಕೀಲು ನೋವು" ಎಂದೇ ಹೇಳಿ. ಫಿಸಿಯೋಥೆರಪಿಯವರೂ ವ್ಯಾಯಾಮ ಕಲಿಸುತ್ತಾರೆ. ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ತಟ್ಟೆಯನ್ನು ಕೆಲವರಿಗೆ ಕೊಡುತ್ತಾರೆ, ಅದು ಎಲ್ಲರಿಗೂ ಬೇಕಾಗಿಲ್ಲ.

ಮನೆಮದ್ದು ಮಾಡುತ್ತಾ ಕೂರಬಾರದ ಸಂದರ್ಭಗಳೂ ಇವೆ. ಎಂದೂ ಬಾರದಷ್ಟು ಜೋರಾದ ತಲೆನೋವು ಒಮ್ಮೆಲೇ ಬಂದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಗರ್ಭಿಣಿಗೆ ಜೋರು ತಲೆನೋವು ಬಂದು ಕಣ್ಣು ಮಂಜಾದರೆ ರಕ್ತದೊತ್ತಡ ಏರಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಡೆಯುವಾಗ, ಭಾರ ಹೊರುವಾಗ ದವಡೆ ನೋವಿನೊಂದಿಗೆ ಎದೆ ಬಿಗಿದು ಬೆವರಿದರೆ ಅದು ಹೃದಯದ್ದಾಗಿರಬಹುದು. 50 ದಾಟಿದವರಿಗೆ ಹೊಸದಾಗಿ ಹಣೆಯ ಪಕ್ಕ ನೋವು ಶುರುವಾಗಿ, ತಲೆ ಬಾಚುವಾಗ ನೋವು, ದೃಷ್ಟಿ ಮಂಕಾಗುವುದು ಕಂಡರೆ ರಕ್ತನಾಳದ ಕಾಯಿಲೆ ಇರಬಹುದು, ತಡಮಾಡಿದರೆ ಕಣ್ಣು ಹೋಗುತ್ತದೆ. ಗಾಯ ಆದ ಮೇಲೆ ದವಡೆ ಕಚ್ಚಿಕೊಂಡರೆ ಧನುರ್ವಾಯು ಎಂದೇ ತಿಳಿದು ಓಡಿ. ಆಕಳಿಸಿದ ಬಾಯಿ ಮುಚ್ಚಲಾಗದೆ ಸಿಕ್ಕಿಕೊಂಡರೂ ಆಸ್ಪತ್ರೆಯಲ್ಲೇ ಕೂರಿಸಬೇಕು, ಮನೆಯಲ್ಲಿ ಎಳೆಯಬೇಡಿ.

ಕೊನೆಯದಾಗಿ ಅಡಿಕೆ, ಗುಟ್ಕಾ ಅಭ್ಯಾಸ ಇರುವವರಿಗೆ. ಖಾರ ತಿಂದರೆ ಬಾಯಿ ಉರಿಯುತ್ತದೆ, ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗಿದೆ, ಬಾಯಿ ತೆರೆಯುವುದು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದೆ ಎಂದರೆ ಅದು ಕೀಲಿನ ತೊಂದರೆ ಅಲ್ಲ. ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿಯುವ ಕಾಯಿಲೆ, ಮುಂದೆ ಕ್ಯಾನ್ಸರ್ ಆಗಬಹುದು. ಮನೆಯ ಗಂಡಸರಿಗೂ ಆ ಮೂರು ಬೆರಳಿನ ಪರೀಕ್ಷೆ ಮಾಡಿಸಿ, ಹಿಡಿಸದಿದ್ದರೆ ಅಡಿಕೆ ಅಂದೇ ಬಿಡಿಸಿ ದಂತ ವೈದ್ಯರ ಬಳಿ ಕರೆದುಕೊಂಡು ಹೋಗಿ.