ಎರಡು ಕಾಸಿನ ಲೆಕ್ಕ

ಕಾಣಿಕೆಪೆಟ್ಟಿಗೆಗೆ ಎರಡೇ ಕಾಸು ಹಾಕಿದ ಬಡವಿಧವೆಯನ್ನು ಯೇಸುಸ್ವಾಮಿ ಮೆಚ್ಚಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಮ್ಮ ಅನೇಕ ಕುಟುಂಬಗಳ ಆದಾಯವೂ ಅಲ್ಪವೇ. ಆದುದರಿಂದ ಕೊಡುವ ಹಣ, ಕೂಡಿಡುವ ಹಣ ಎರಡೂ ಎಲ್ಲಿಗೆ ಸೇರುತ್ತವೆಂದು ನಾವು ವಿಚಾರಿಸಲೇಬೇಕು.

ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ, ಸಣ್ಣ ಉಳಿತಾಯವೂ ನೆರೆಯವನಿಗೆ ಆಸರೆಯಾಗಬಲ್ಲದೆಂದು ತೋರಿಸಿದರು. ಆದರೂ ಎಚ್ಚರ ಅಗತ್ಯ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿಗಳವರೆಗೆ ವಿಮೆಯುಂಟು. ಪತ್ತಿನ ಸಂಘದ ಠೇವಣಿಗೆ ಆ ರಕ್ಷಣೆಯಿಲ್ಲ. ಹೆಚ್ಚಿನ ಬಡ್ಡಿಯ ಆಸೆಗೆ ಮಕ್ಕಳ ಓದಿನ ಹಣವನ್ನು ಪಣಕ್ಕಿಡುವುದು ಸಲ್ಲದು.

2022ರಲ್ಲಿ ವ್ಯಾಟಿಕನ್ನಿನಿಂದ ಪ್ರಕಟವಾದ ‘ಮೆನ್ಸುರಾಂ ಬೋನಂ’ ಎಂಬ ಮಾರ್ಗದರ್ಶಿಯೂ ಹೂಡಿಕೆಯಲ್ಲಿ ಲಾಭದೊಡನೆ ನೀತಿಯನ್ನೂ ನೋಡಬೇಕೆನ್ನುತ್ತದೆ. ದಾನ ಬೇಡುವ ಸಂಸ್ಥೆಯನ್ನು ರಸೀದಿ, ಲೆಕ್ಕಪತ್ರ ಕೇಳುವುದು ಅಪನಂಬಿಕೆಯಲ್ಲ. ಬೆವರಿನ ಎರಡು ಕಾಸಿಗೆ ನಾವು ಸಲ್ಲಿಸುವ ಗೌರವ.